ನೊಬೆಲ್‌ಗೂ ಮೊದಲು ಮೃದಂಗ: ಸಿ.ವಿ. ರಾಮನ್ ಬರೆದಿಟ್ಟ ನಾದದ ಲೆಕ್ಕ

ಕಂಪ್ಲಿ: ಫೆಬ್ರವರಿ 28 ಬಂತೆಂದರೆ ತಾಲ್ಲೂಕಿನ ಶಾಲೆಗಳಲ್ಲಿ ಸರ್ ಸಿ.ವಿ. ರಾಮನ್ ಫೋಟೊಗೆ ಹಾರ ಬೀಳುತ್ತದೆ. ಬೆಳಕು, ಸಮುದ್ರದ ನೀಲಿ, 1930ರ ನೊಬೆಲ್ ಅಂತ ಹೇಳಿ ಭಾಷಣ ಮುಗಿಸಿಬಿಡ್ತಾರೆ. ಆದರೆ ಇದೇ ರಾಮನ್ ಬೆಳಕಿನ ಕಡೆ ಪೂರ್ತಿ ತಿರುಗುವ ಮುಂಚೆ ಹತ್ತಾರು ವರ್ಷ ಕಿವಿಗೊಟ್ಟು ಕೂತಿದ್ದು ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲಾಗಳಿಗೆ. ಅವರ ಲೇಖನಗಳನ್ನೆಲ್ಲ ಸೇರಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1988ರಲ್ಲಿ ಆರು ಸಂಪುಟ ತಂದಾಗ, ಎರಡನೇ ಸಂಪುಟ ಶಬ್ದಶಾಸ್ತ್ರಕ್ಕೇ ಹೋಯಿತು.

ಹುಟ್ಟಿದ್ದು 1888ರ ನವೆಂಬರ್ 7, ತಿರುಚಿರಾಪಳ್ಳಿಯಲ್ಲಿ. ಓದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು. ವಿಜ್ಞಾನ ನಂಬಿಕೊಂಡು ಹೊಟ್ಟೆ ಹೊರೆಯುವ ಕಾಲ ಅದಲ್ಲ. ಹಣಕಾಸು ಇಲಾಖೆ ಪರೀಕ್ಷೆ ಪಾಸು ಮಾಡಿ 1907ರಲ್ಲಿ ಕಲ್ಕತ್ತಾದಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಹಗಲು ಸರ್ಕಾರದ ಲೆಕ್ಕಪತ್ರ, ಬೆಳಗ್ಗೆ ಮತ್ತು ಸಂಜೆ ಬೌಬಜಾರ್ ರಸ್ತೆಯ ವಿಜ್ಞಾನ ಸಂಘದ ಪ್ರಯೋಗಶಾಲೆ. ಅಲ್ಲಿ ದುಬಾರಿ ಯಂತ್ರ ಇರಲಿಲ್ಲ. ತಂತಿ, ಚರ್ಮ, ಮರ ಇಟ್ಟುಕೊಂಡು ಮಾಡಬಹುದಾದ ಕೆಲಸ ಅಂದರೆ ನಾದದ ಕೆಲಸವೇ. ಪತ್ನಿ ಲೋಕಸುಂದರಿ ವೀಣೆ ನುಡಿಸುತ್ತಿದ್ದರು, ಹಾಗಾಗಿ ಮನೆಯಲ್ಲೂ ಅದೇ.

ಆ ಪ್ರಯೋಗಶಾಲೆಯಲ್ಲಿ ಆಶುತೋಷ್ ಡೇ ಎಂಬ ಸಹಾಯಕರಿದ್ದರು. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ರಾಮನ್ ತಮ್ಮ ಲೇಖನದಲ್ಲಿ ಅವರ ಹೆಸರನ್ನು ಜತೆಗೆ ಹಾಕಿದರು. ಅಷ್ಟಕ್ಕೇ ಬಿಡಲಿಲ್ಲ. ಕಂಪನದ ವೇಗವನ್ನು ನೇರವಾಗಿ ಅಳೆಯುವ ಹೊಸ ವಿಧಾನದ ಮೇಲೆ ಡೇ ಬರೆದ ಲೇಖನ 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಡೇ ಅವರೊಬ್ಬರ ಹೆಸರಲ್ಲೇ ಬಂತು. ರಾಮನ್ ಬರೆದಿದ್ದು ಮುನ್ನುಡಿ ಮಾತ್ರ. ಶಿಷ್ಯರ ಕೆಲಸಕ್ಕೆ ತಮ್ಮ ಹೆಸರು ಮೊದಲು ಹಾಕಿಕೊಳ್ಳುವವರು ಇವತ್ತಿಗೂ ಇರುವಾಗ, ಇದು ಸಣ್ಣ ಮಾತಲ್ಲ.

1917ರಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿ ಸರ್ಕಾರಿ ನೌಕರಿ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಮರುವರ್ಷವೇ ಪಿಟೀಲಿನ ಮೇಲೆ ದೊಡ್ಡ ಪ್ರಬಂಧ ಬಂತು. ಕಮಾನು ಎಳೆದಾಗ ತಂತಿ ಹೇಗೆ ಹಿಡಿದು ಹಿಡಿದು ಜಾರುತ್ತದೆ ಅನ್ನುವುದಕ್ಕೆ ಗಣಿತ ಕೊಟ್ಟರು. ಮನುಷ್ಯನ ಕೈ ಒಂದೇ ಸಮ ಇರೋದಿಲ್ಲ ಅಂತ ಪಿಟೀಲು ನುಡಿಸುವ ಯಂತ್ರವನ್ನೂ ಕಟ್ಟಿಸಿದರು. ಅದರಲ್ಲಿ ಕಮಾನು ನಿಂತಲ್ಲೇ ಇರುತ್ತದೆ, ಪಿಟೀಲೇ ಹಿಂದೆ ಮುಂದೆ ಓಡಾಡುತ್ತದೆ.

ಇನ್ನು ಚರ್ಮವಾದ್ಯದ ಕಥೆ. ಭಜನೆ ಮಂಡಳಿಯವರಿಗೆ ಇದು ಇಷ್ಟವಾದೀತು. ಬರೀ ಚರ್ಮ ಬಿಗಿದ ಸಾದಾ ಡೋಲು ಬಡಿದರೆ ಮೂಲ ಸ್ವರದ ಜತೆ ಏಳುವ ಉಪಸ್ವರಗಳು ಅದರ 1.59 ಪಟ್ಟು, 2.14 ಪಟ್ಟು, 2.30 ಪಟ್ಟು ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಕಿವಿಗೆ ಅದು ಸದ್ದು, ಸ್ವರ ಅಲ್ಲ. ತಂತಿಯಲ್ಲಾದರೆ 2, 3, 4 ಅಂತ ಸರಿಯಾದ ಗುಣಕಗಳು ಬರುತ್ತವೆ. ಹಾಗಾಗಿ ಚರ್ಮವಾದ್ಯಕ್ಕೆ ತಂತಿಯಂಥ ಸ್ವರ ಇರೋದಿಲ್ಲ ಅನ್ನುವುದೇ ಪುಸ್ತಕದ ಮಾತಾಗಿತ್ತು. 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ಇಂಗ್ಲೆಂಡಿನ ನೇಚರ್ ಪತ್ರಿಕೆಗೆ ಬರೆದು, ಮೃದಂಗ ಮತ್ತು ತಬಲಾ ಈ ಮಾತಿಗೆ ಹೊರತು ಅಂತ ತೋರಿಸಿದರು. ಕಾರಣ, ಚರ್ಮದ ನಡುವೆ ಇರುವ ಆ ಕಪ್ಪು ಬೊಟ್ಟು. ಅನ್ನದ ಅಂಟಿಗೆ ಕಬ್ಬಿಣದಂಶದ ಪುಡಿ ಕಲೆಸಿ, ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ತಿಕ್ಕಿ ತಿಕ್ಕಿ ಕೂರಿಸುತ್ತಾರೆ. (ಸಂಡೂರಿನ ಅದಿರಿನ ಧೂಳು ಕಂಡವರಿಗೆ ಆ ಬಣ್ಣ ಹೊಸದೇನಲ್ಲ.) ಆ ತೂಕ ನಡುವೆ ಕೂತ ಮೇಲೆ ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಸರಿಯಾದ ಸ್ವರಗಳಾಗಿ ಗುಂಪುಗೂಡುತ್ತವೆ. 1934ರಲ್ಲಿ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಗೆರೆಗೆರೆಯಾಗಿ ನಿಲ್ಲುವುದನ್ನು ನೋಡಿ ಇದನ್ನೆಲ್ಲ ವಿವರವಾಗಿ ಬರೆದರು. ಆಗವರು ಬೆಂಗಳೂರಿಗೆ ಬಂದಾಗಿತ್ತು. ಹಚ್ಚುವವರು ಮಾತ್ರ ಬೆರಳಿನ ಅಂದಾಜಿನಲ್ಲೇ, ಯಾವ ಗಣಿತವೂ ಇಲ್ಲದೆ, ಶತಮಾನಗಳಿಂದ ಅದನ್ನೇ ಮಾಡುತ್ತಿದ್ದರು.

ಇದರ ನಡುವೆ 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ ಚರ್ಚಿನ ಪಿಸುಮಾತಿನ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದರು. ನಮ್ಮ ವಿಜಯಪುರದ ಗೋಲಗುಮ್ಮಟದ ಮೇಲೂ ಬರೆದರು. ಜರ್ಮನಿಯವರು ಭೌತಶಾಸ್ತ್ರದ ದೊಡ್ಡ ಕೈಪಿಡಿ ತರುವಾಗ, 1927ರ ಸಂಪುಟದಲ್ಲಿ ಸಂಗೀತ ವಾದ್ಯಗಳ ಅಧ್ಯಾಯ ಬರೆದಿದ್ದು ರಾಮನ್. ಮುಂದಿನ ವರ್ಷ ರಾಮನ್ ಪರಿಣಾಮ ಸಿಕ್ಕಿತು, ಉಳಿದಿದ್ದು ಶಾಲೆ ಮಕ್ಕಳಿಗೂ ಗೊತ್ತು.

1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ ನಿರ್ದೇಶಕರಾಗಿ ಬಂದರು. ಆಡಳಿತದ ಜಗಳದಲ್ಲಿ 1937ಕ್ಕೇ ಆ ಕುರ್ಚಿ ಬಿಡಬೇಕಾಯಿತು, ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಆದರೆ ಅಷ್ಟರೊಳಗೆ, 1935-36ರಲ್ಲಿ, ಎನ್.ಎಸ್. ನಾಗೇಂದ್ರನಾಥ್ ಜತೆ ಐದು ಭಾಗಗಳ ಲೇಖನಮಾಲೆ ಬಂದಾಗಿತ್ತು. ದ್ರವದೊಳಗೆ ಕಿವಿಗೆ ಕೇಳದಷ್ಟು ತೀಕ್ಷ್ಣ ಶಬ್ದ ಹಾಯಿಸಿದರೆ ಅದು ಬೆಳಕನ್ನು ಹೇಗೆ ಸೀಳುತ್ತದೆ ಅನ್ನುವ ಸಿದ್ಧಾಂತ ಅದು. ಲೇಸರ್ ಕಿರಣವನ್ನು ಶಬ್ದದಿಂದ ತಿರುಗಿಸುವ ಸಲಕರಣೆ ಮಾಡುವವರು ಇವತ್ತಿಗೂ ರಾಮನ್-ನಾಥ್ ಅಂತಲೇ ಹೆಸರು ಹಿಡಿಯುತ್ತಾರೆ.

ವಿದ್ವಾಂಸರ ತೂಕ ನೋಡುವುದಕ್ಕೆ ಈಗೊಂದು ಅಳತೆ ಇದೆ. ಯಾರ ಲೇಖನವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಎಣಿಸುವುದು. ಅಂಗಡಿಯ ಉದ್ರಿ ಪುಸ್ತಕದ ಹಾಗೆ, ಯಾರು ಯಾರಿಂದ ಏನು ತಗೊಂಡರು ಅನ್ನುವ ಲೆಕ್ಕ. ಅಮೆರಿಕದಲ್ಲಿ ಈ ಪುಸ್ತಕ ಶುರುವಾಗಿದ್ದೇ 1960ರ ದಶಕದಲ್ಲಿ. ರಾಮನ್ ಅವರ ನಾದದ ಕೆಲಸ ಅದಕ್ಕೆ ಎಷ್ಟೋ ದಶಕ ಹಿಂದಿನದು. ಮೇಲಾಗಿ, ಒಂದು ವಿಚಾರಕ್ಕೆ ವ್ಯಕ್ತಿಯ ಹೆಸರೇ ಅಂಟಿಕೊಂಡ ಮೇಲೆ ಹೆಸರು ಹೇಳಿ ಮುಂದೆ ಹೋಗುತ್ತಾರೆ, ಮೂಲ ಲೇಖನ ತೋರಿಸುವ ಗೋಜಿಗೆ ಎಷ್ಟೋ ಜನ ಹೋಗುವುದಿಲ್ಲ. ಹಾಗಾಗಿ ಬರೀ ಎಣಿಕೆ ನೋಡಿದರೆ ಬಾಕಿ ಕಡಿಮೆ ಕಾಣುತ್ತದೆ. ಪಿಟೀಲಿನ ತಂತಿಯನ್ನು ಕಂಪ್ಯೂಟರಿನಲ್ಲಿ ನುಡಿಸಹೊರಟ ಕೇಂಬ್ರಿಜ್ ಸಂಶೋಧಕರು 1918ರ ಆ ಪ್ರಬಂಧವನ್ನೇ ಮತ್ತೆ ತೆರೆದರು. ತಬಲಾ ನಾದದ ಮೇಲೆ ಈಗ ಬರೆಯುವವರೂ 1920ರಿಂದಲೇ ಶುರು ಮಾಡುತ್ತಾರೆ. ಕಪ್ಪು ಬೊಟ್ಟು ಹಚ್ಚುವ ಕೈಗಳಿಗೆ ಮಾತ್ರ ಆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ವಾದ್ಯವನ್ನು ಪ್ರಯೋಗಶಾಲೆಗೆ ತರುವ ಆ ದಾರಿ ಮುಂದೆ ನಮ್ಮ ಮಗ್ಗುಲಿಗೇ ಬಂತು. ಹಂಪಿಯ ವಿಜಯವಿಠ್ಠಲ ಗುಡಿಯ ಸರಿಗಮ ಕಂಬಗಳನ್ನು ಕಲ್ಪಾಕ್ಕಂನ ವಿಜ್ಞಾನಿಗಳು ಅಳೆದು, 2008ರಲ್ಲಿ ಅಮೆರಿಕದ ಶಬ್ದಶಾಸ್ತ್ರ ಪತ್ರಿಕೆಯಲ್ಲಿ ಬರೆದರು. ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ತಟ್ಟಿದಾಗ ಬಾಗಿ ಕಂಪಿಸಿ ನುಡಿಯುತ್ತವೆ. ಈಗ ಅವನ್ನು ಮುಟ್ಟಲು ಬಿಡುವುದಿಲ್ಲ.