ಲೂಕಾ ಪಚೋಲಿ

ಲೂಕಾ ಪಚೋಲಿ (ಸು. 1447 – ಜೂನ್ 19, 1517) ಇಟಲಿಯ ಗಣಿತಜ್ಞ ಹಾಗೂ ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ದ್ವಿನಮೂದು ಲೆಕ್ಕಪದ್ಧತಿಯನ್ನು ಮುದ್ರಿತ ಗ್ರಂಥದಲ್ಲಿ ಮೊದಲಿಗೆ ವಿವರಿಸಿದವನೆಂದು ಪ್ರಸಿದ್ಧ. ಈತನನ್ನು ಲೆಕ್ಕಶಾಸ್ತ್ರದ ಪಿತಾಮಹನೆನ್ನುವುದುಂಟು. ಆದರೆ ಪದ್ಧತಿಯನ್ನು ಕಂಡುಹಿಡಿದವನು ಈತನಲ್ಲ. ಇಟಲಿಯ ವರ್ತಕರು ಅದನ್ನು ಬಹುಕಾಲದಿಂದ ಬಳಸುತ್ತಿದ್ದರು.

ಜೀವನ

ಟಸ್ಕನಿಯ ಸಾನ್‌ಸೆಪೋಲ್ಕ್ರೋದಲ್ಲಿ ಜನಿಸಿದ ಪಚೋಲಿ ಯೌವನದಲ್ಲಿ ವೆನಿಸ್‌ಗೆ ತೆರಳಿ, ಅಲ್ಲಿ ವರ್ತಕನೊಬ್ಬನ ಮೂವರು ಮಕ್ಕಳಿಗೆ ಮನೆಪಾಠ ಹೇಳಿದನು. 1470ರ ದಶಕದಲ್ಲಿ ಸನ್ಯಾಸ ಸ್ವೀಕರಿಸಿ, ಪೆರೂಜಾ ಮೊದಲಾದ ನಗರಗಳಲ್ಲಿ ಗಣಿತ ಬೋಧಿಸಿದನು. ಮಿಲಾನಿನ ಆಸ್ಥಾನದಲ್ಲಿದ್ದಾಗ ಲಿಯೊನಾರ್ಡೊ ಡ ವಿಂಚಿಯ ಸ್ನೇಹ ದೊರೆಯಿತು. 1499ರಲ್ಲಿ ಫ್ರೆಂಚರು ಮಿಲಾನನ್ನು ವಶಪಡಿಸಿಕೊಂಡಾಗ ಇಬ್ಬರೂ ನಗರವನ್ನು ತೊರೆದರು.

ಲೆಕ್ಕಪತ್ರ ವಿಧಾನ

1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಸುಮ್ಮಾ ದೆ ಅರಿತ್ಮೆತಿಕಾ’ ಎಂಬ ಬೃಹತ್ ಗಣಿತಗ್ರಂಥದ ಒಂದು ಭಾಗ ವರ್ತಕರ ಲೆಕ್ಕಕ್ಕೆ ಮೀಸಲಾಗಿದೆ. ಗ್ರಂಥವು ವಿದ್ವಾಂಸರ ಲ್ಯಾಟಿನ್‌ನಲ್ಲಿಲ್ಲ, ಜನರ ಇಟಾಲಿಯನ್‌ನಲ್ಲಿದೆ. ಪಚೋಲಿ ಮೂರು ಪುಸ್ತಕಗಳನ್ನು ಸೂಚಿಸುತ್ತಾನೆ. ನಡೆದ ವ್ಯವಹಾರವನ್ನು ಆಗಿಂದಾಗ್ಗೆ ಗುರುತಿಸಿಕೊಳ್ಳಲು ಕಚ್ಚಾ ಪುಸ್ತಕ. ಮನೆಮಂದಿಯೂ ಇದರಲ್ಲಿ ಬರೆಯಬಹುದು. ಅದನ್ನು ಕ್ರಮಗೊಳಿಸಲು ರೋಜುಪುಸ್ತಕ, ಅಲ್ಲಿಂದ ಖಾತೆವಾರು ಹಂಚಲು ಖಾತಾವಹಿ. ಪ್ರತಿ ವ್ಯವಹಾರವೂ ಒಂದು ಖಾತೆಗೆ ಖರ್ಚಾಗಿ, ಇನ್ನೊಂದಕ್ಕೆ ಜಮೆಯಾಗಿ ಎರಡು ಕಡೆ ದಾಖಲಾಗುವುದರಿಂದ ಒಟ್ಟು ಮೊತ್ತಗಳು ಸರಿಹೊಂದಲೇಬೇಕು. ಹೊಂದದಿದ್ದರೆ ಎಲ್ಲೋ ತಪ್ಪಿದೆ. ತಪ್ಪು ಖಾತೆಗೆ ಬರೆದ ನಮೂದಿಗೆ ಗುರುತು ಹಾಕಿ, ಎದುರು ಬದಿಯಲ್ಲಿ ಅದೇ ಮೊತ್ತ ಬರೆದು ರದ್ದುಗೊಳಿಸಬೇಕು. ಮೊದಲ ಬರಹ ಕಣ್ಣೆದುರೇ ಉಳಿಯುತ್ತದೆ. ದವಸ, ದ್ರಾಕ್ಷಾರಸ, ಎಣ್ಣೆ, ಸೌದೆಗಳ ಮನೆಖರ್ಚಿಗೂ ಪ್ರತ್ಯೇಕ ಖಾತೆಯಿರಬೇಕು. ಜೂಜಿನಲ್ಲಿ ಸೋತ ಹಣವನ್ನೂ ಬಿಡುವಂತಿಲ್ಲ.

ಇಂದಿಗೂ ಈ ಕ್ರಮ ವೈಯಕ್ತಿಕ ಹಣಕಾಸಿನಲ್ಲಿ ಕಾಣುತ್ತದೆ. ಲೆಡ್ಜರ್, ಎಚ್‌ಲೆಡ್ಜರ್, ಬೀನ್‌ಕೌಂಟ್ ತಂತ್ರಾಂಶಗಳ ಬಳಕೆದಾರರು ಮನೆಯ ಜಮಾಖರ್ಚನ್ನು ಸರಳ ಪಠ್ಯಕಡತದಲ್ಲಿ ಬರೆಯುತ್ತಾರೆ. ಪ್ರತಿ ನಮೂದಿನ ಮೊತ್ತಗಳನ್ನು ಕೂಡಿದರೆ ಸೊನ್ನೆ ಬರದಿದ್ದಲ್ಲಿ ತಂತ್ರಾಂಶ ದೋಷ ತೋರಿಸುತ್ತದೆ. ಕಡತವನ್ನು ಗಿಟ್‌ನಂತಹ ಆವೃತ್ತಿ ನಿಯಂತ್ರಣ ವ್ಯವಸ್ಥೆಯಲ್ಲಿಟ್ಟರೆ ಯಾವ ಸಾಲು ಎಂದು ಬದಲಾಯಿತೆಂಬುದು ದಾಖಲಾಗುತ್ತದೆ. ಅಲ್ಲಿಯೂ ಹಳೆಯ ಬದಲಾವಣೆಯನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ, ಅದಕ್ಕೆ ವಿರುದ್ಧವಾದ ಹೊಸ ಬದಲಾವಣೆಯಿಂದ ರದ್ದುಪಡಿಸಲಾಗುತ್ತದೆ.

ಕೃತಿಚೌರ್ಯದ ಆರೋಪ

1509ರಲ್ಲಿ ಪ್ರಕಟವಾದ ‘ದಿವೀನಾ ಪ್ರೊಪೊರ್ಸಿಯೋನೆ’ಯ ಘನಾಕೃತಿಗಳ ಚಿತ್ರಗಳನ್ನು ಲಿಯೊನಾರ್ಡೊ ರಚಿಸಿದ್ದನು. ಅದರ ಮೂರನೆಯ ಭಾಗವಾದರೋ ಪಚೋಲಿಯ ಊರಿನವನೇ ಆದ ಚಿತ್ರಕಾರ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಲ್ಯಾಟಿನ್ ಕೃತಿಯ ಅನುವಾದ. ಮೂಲ ಕರ್ತೃವೆಂದು ಆತನ ಹೆಸರು ಅಲ್ಲಿಲ್ಲ. ಪ್ರತಿ ಜಮೆಗೂ ಮೂಲ ಕಾಣಿಸಬೇಕೆಂದು ಬೋಧಿಸಿದವನ ಗ್ರಂಥದಲ್ಲಿ ಇದು ಸಣ್ಣ ಲೋಪವಲ್ಲ. ಆರೋಪವನ್ನು 16ನೆಯ ಶತಮಾನದಲ್ಲೇ ಜಾರ್ಜೊ ವಸಾರಿ ಮುಂದಿಟ್ಟನು. ಅಷ್ಟರಲ್ಲಿ ಪಚೋಲಿ ತೀರಿಕೊಂಡು ದಶಕಗಳೇ ಕಳೆದಿದ್ದವು.