ನಕ್ಷತ್ರಗಳ ಅಂತ್ಯವನ್ನು ಅರಿತ ಚಂದ್ರಶೇಖರ್

ಇರುಳಿನ ಆಕಾಶದಲ್ಲಿ ಬೆಳಗುವ ನಕ್ಷತ್ರಗಳು ಶಾಶ್ವತವೆಂದು ಮಾನವನು ಬಹುಕಾಲ ನಂಬಿದ್ದನು. ಆದರೆ ಅವುಗಳಿಗೂ ಹುಟ್ಟು, ಬಾಳು, ಸಾವುಗಳುಂಟು. ಆ ಸಾವಿನ ಬಗೆಯನ್ನು ಗಣಿತದ ಬಲದಿಂದ ಅರಿತವರಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಗ್ರಗಣ್ಯರು.

ಚಂದ್ರಶೇಖರ್ 1910ರ ಅಕ್ಟೋಬರ್ 19ರಂದು ಲಾಹೋರಿನಲ್ಲಿ ಜನಿಸಿದರು. ಖ್ಯಾತ ವಿಜ್ಞಾನಿ ಸಿ. ವಿ. ರಾಮನ್ ಅವರಿಗೆ ಚಿಕ್ಕಪ್ಪನಾಗಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದ ಅವರು 1930ರಲ್ಲಿ, ತಮ್ಮ 19ನೆಯ ವಯಸ್ಸಿನಲ್ಲಿ, ಉನ್ನತ ವ್ಯಾಸಂಗಕ್ಕಾಗಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟರು. ಸಹಪ್ರಯಾಣಿಕರು ವಿನೋದದಲ್ಲಿ ಕಾಲ ಕಳೆಯುತ್ತಿದ್ದಾಗ ಈ ತರುಣರು ಒಂದು ಗಹನವಾದ ಲೆಕ್ಕದಲ್ಲಿ ಮುಳುಗಿದ್ದರು.

ಅನಿಲ ಮತ್ತು ಧೂಳಿನ ಮೋಡಗಳು ತಮ್ಮದೇ ಗುರುತ್ವದಿಂದ ಕುಗ್ಗಿದಾಗ ನಕ್ಷತ್ರಗಳು ಹುಟ್ಟುತ್ತವೆ. ಒಡಲಿನಲ್ಲಿ ಹೈಡ್ರೋಜನ್ ಹೀಲಿಯಂ ಆಗಿ ಮಾರ್ಪಡುವಾಗ ಅಪಾರ ಶಕ್ತಿ ಹೊಮ್ಮುತ್ತದೆ. ಬಿಸಿಯಾದ ಅನಿಲದ ಒತ್ತಡವು ಗುರುತ್ವದ ಸೆಳೆತವನ್ನು ತಡೆಹಿಡಿಯುತ್ತದೆ. ಇಂಧನವು ತೀರಿದಾಗ ಈ ಸಮತೋಲ ತಪ್ಪಿ ನಕ್ಷತ್ರದ ತಿರುಳು ಕುಸಿಯುತ್ತದೆ. ನಕ್ಷತ್ರಗಳೆಲ್ಲವೂ ಕೊನೆಗೆ ಶ್ವೇತಕುಬ್ಜಗಳೆಂಬ ಪುಟ್ಟ, ಸಾಂದ್ರ ಕಾಯಗಳಾಗಿ ಶಾಂತವಾಗಿ ತಣಿಯುವುವೆಂಬುದು ಅಂದಿನ ಎಣಿಕೆಯಾಗಿತ್ತು. ಚಂದ್ರಶೇಖರರ ಲೆಕ್ಕವು ಬೇರೆಯದನ್ನೇ ತೋರಿಸಿತು. ಶ್ವೇತಕುಬ್ಜದ ದ್ರವ್ಯರಾಶಿಗೆ ಒಂದು ಮಿತಿಯಿದೆ. ಅದು ಸೂರ್ಯನ ದ್ರವ್ಯರಾಶಿಯ ಸುಮಾರು 1.4ರಷ್ಟು. ಉಳಿದ ತಿರುಳು ಅದಕ್ಕಿಂತ ಭಾರವಾಗಿದ್ದರೆ ಕುಸಿತವು ಅಲ್ಲಿಗೆ ನಿಲ್ಲದು.

1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ ಅವರು ಈ ವಿಷಯವನ್ನು ಮಂಡಿಸಿದರು. ಆಗಿನ ಮಹಾವಿಜ್ಞಾನಿ ಆರ್ಥರ್ ಎಡಿಂಗ್ಟನ್ ಅದೇ ಸಭೆಯಲ್ಲಿ ಅದನ್ನು ಅಲ್ಲಗಳೆದು ಪರಿಹಾಸ್ಯ ಮಾಡಿದರು. ಚಂದ್ರಶೇಖರರ ಪಕ್ಷವೇ ಸರಿಯೆಂದು ಬಲ್ಲವರೂ ಬಹಿರಂಗವಾಗಿ ಬೆಂಬಲಕ್ಕೆ ಬರಲಿಲ್ಲ. ಆ ತರುಣರಿಗೆ ಇದರಿಂದ ತುಂಬ ನೋವಾಯಿತು. ಆದರೂ ಅವರು ಕಹಿಯನ್ನು ಬೆಳೆಸಿಕೊಳ್ಳಲಿಲ್ಲ. ಎಡಿಂಗ್ಟನ್ನರೊಡನೆ ಸ್ನೇಹವನ್ನೂ ಉಳಿಸಿಕೊಂಡರು. 1937ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿ, 1939ರಲ್ಲಿ ನಕ್ಷತ್ರಗಳ ರಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಬೇರೆ ಸಂಶೋಧನೆಗಳತ್ತ ಹೊರಳಿದರು.

ಕಾಲವು ಅವರ ಪಕ್ಷವನ್ನು ಎತ್ತಿಹಿಡಿಯಿತು. 1967ರಲ್ಲಿ ಪಲ್ಸಾರುಗಳು ಪತ್ತೆಯಾದವು. ಅವು ಶ್ವೇತಕುಬ್ಜಗಳಿಗಿಂತಲೂ ಬಹಳ ಸಾಂದ್ರವಾದ ನ್ಯೂಟ್ರಾನ್ ನಕ್ಷತ್ರಗಳೆಂದು ತಿಳಿದುಬಂದಿತು. ಇನ್ನೂ ಭಾರವಾದ ತಿರುಳು ಬೆಳಕನ್ನೂ ಹೊರಬಿಡದ ಕಪ್ಪುಕುಳಿಯಾಗುವುದೆಂಬುದು ಇಂದು ಸರ್ವಮಾನ್ಯವಾಗಿದೆ. 1983ರಲ್ಲಿ ಚಂದ್ರಶೇಖರರಿಗೆ ವಿಲಿಯಂ ಫೌಲರ್ ಅವರೊಡನೆ ನೊಬೆಲ್ ಪಾರಿತೋಷಕ ದೊರಕಿತು. 1995ರ ಆಗಸ್ಟ್ 21ರಂದು ಅವರು ಷಿಕಾಗೋದಲ್ಲಿ ನಿಧನರಾದರು. 1999ರಲ್ಲಿ ಅಂತರಿಕ್ಷಕ್ಕೇರಿದ ಕ್ಷಕಿರಣ ದೂರದರ್ಶಕಕ್ಕೆ ಚಂದ್ರ ಎಂಬ ಅವರ ಹೆಸರನ್ನೇ ಇಡಲಾಯಿತು. ದೊಡ್ಡವರ ನಿರಾಕರಣೆಗೆ ಸತ್ಯವು ಅಳಿಯುವುದಿಲ್ಲ. ಅದನ್ನು ಕಂಡವನಿಗೆ ಕಾಯುವ ತಾಳ್ಮೆಯಿರಬೇಕು ಎಂಬುದಕ್ಕೆ ಅವರ ಬಾಳು ಉಜ್ವಲ ನಿದರ್ಶನವಾಗಿದೆ.