ದಾರಾ ಶುಕೋಹ್: ಎರಡು ಸಾಗರಗಳ ಸಂಗಮವನ್ನು ಕಂಡ ರಾಜಕುಮಾರ

ಧಾರ್ಮಿಕ ಶ್ರದ್ಧೆಯು ಎಲ್ಲರಲ್ಲಿಯೂ ಒಂದೇ ಬಗೆಯದಾಗಿರುವುದಿಲ್ಲ. ತನ್ನ ಮಾರ್ಗವೊಂದೇ ಸತ್ಯ, ಉಳಿದುದೆಲ್ಲ ಮಿಥ್ಯೆ ಎಂಬ ಶ್ರದ್ಧೆ ಒಂದು. ಅನ್ಯರ ಮಾರ್ಗವನ್ನು ಒಪ್ಪದಿದ್ದರೂ ಸಹಿಸಿ ನಡೆಯುವ ಶ್ರದ್ಧೆ ಇನ್ನೊಂದು. ತಾನು ಆರಾಧಿಸುವ ದೇವನನ್ನು ಅನ್ಯರ ಗ್ರಂಥಗಳಲ್ಲಿಯೂ ಅರಸಿಕೊಂಡು ಹೊರಡುವ ಶ್ರದ್ಧೆ ಮತ್ತೊಂದು. ಈ ಕೊನೆಯ ಬಗೆಯ ಶ್ರದ್ಧೆಗೆ ತನ್ನನ್ನು ಒಪ್ಪಿಸಿಕೊಂಡವರಲ್ಲಿ ಮೊಗಲ ರಾಜಕುಮಾರ ದಾರಾ ಶುಕೋಹನ ಹೆಸರು ಚಿರಸ್ಮರಣೀಯವಾದುದು.

ದಾರಾ ಜನಿಸಿದುದು 1615ರಲ್ಲಿ, ಅಜ್ಮೀರದಲ್ಲಿ. ಮುಂದೆ ಚಕ್ರವರ್ತಿಯಾದ ಷಹಜಹಾನ್ ಮತ್ತು ಮುಮ್ತಾಜ್ ಮಹಲರ ಹಿರಿಯ ಮಗನಾದ ಆತನು ಅಕ್ಬರನ ಮರಿಮಗ. ಅಕ್ಬರನು ಎಲ್ಲ ಮತಗಳವರೊಡನೆ ಶಾಂತಿಯಿಂದಿರುವುದನ್ನು ರಾಜನೀತಿಯನ್ನಾಗಿ ಸ್ವೀಕರಿಸಿದ್ದನು. ಮಹಾಭಾರತವನ್ನು ಪಾರಸಿ ಭಾಷೆಗೆ ತರಿಸಿದ್ದನು. ಮುತ್ತಾತನಿಗೆ ರಾಜನೀತಿಯಾಗಿದ್ದುದು ಮರಿಮಗನಿಗೆ ಆತ್ಮದ ಹಸಿವಾಯಿತು.

ಲಾಹೋರಿನ ಸೂಫಿ ಸಂತ ಮಿಯಾನ್ ಮೀರರಲ್ಲಿ ದಾರಾನಿಗೆ ಅಪಾರ ಭಕ್ತಿ. ಅವರ ಶಿಷ್ಯರಾದ ಮುಲ್ಲಾ ಷಾ ಅವರಿಂದ ಆತನು ಕಾದಿರಿ ಪಂಥದ ದೀಕ್ಷೆಯನ್ನು ಪಡೆದನು. ಆರಂಭದಲ್ಲಿ ಮುಸ್ಲಿಂ ಸಂತರ ಚರಿತ್ರೆಗಳನ್ನು ಬರೆದ ಆತನು, ಕ್ರಮೇಣ ಹಿಂದೂ ಯೋಗಿಗಳ ಸಂಗವನ್ನೂ ಬಯಸಿದನು. 1653ರಲ್ಲಿ ಲಾಹೋರಿನಲ್ಲಿ ಬಾಬಾ ಲಾಲ್ ಎಂಬ ವೈರಾಗಿಯೊಡನೆ ನಡೆಸಿದ ಸಂವಾದವು ಪ್ರಸಿದ್ಧವಾಗಿದೆ. 1655ರಲ್ಲಿ ರಚಿಸಿದ ‘ಮಜ್ಮ-ಉಲ್-ಬಹ್ರೈನ್’ ಗ್ರಂಥದ ಹೆಸರಿಗೆ ಎರಡು ಸಾಗರಗಳ ಸಂಗಮವೆಂದೇ ಅರ್ಥ. ಸೂಫಿಗಳ ಅನುಭವವೂ ವೇದಾಂತಿಗಳ ಅನುಭವವೂ ಮಾತಿನಲ್ಲಿ ಬೇರೆಯಾದರೂ ಮೂಲದಲ್ಲಿ ಒಂದೇ ಎಂಬುದು ಅದರ ಸಾರ.

1657ರಲ್ಲಿ ಕಾಶಿಯ ಪಂಡಿತರನ್ನೂ ಸಂನ್ಯಾಸಿಗಳನ್ನೂ ದೆಹಲಿಯಲ್ಲಿ ಕೂಡಿಸಿಕೊಂಡು, ಸುಮಾರು ಆರು ತಿಂಗಳಲ್ಲಿ 50 ಉಪನಿಷತ್ತುಗಳನ್ನು ಆತನು ಪಾರಸಿಗೆ ಪರಿವರ್ತಿಸಿದನು. ಇಸ್ಲಾಮನ್ನು ತೊರೆಯುವುದು ಆತನ ಉದ್ದೇಶವಾಗಿರಲಿಲ್ಲ. ಕುರಾನು ಸೂಚಿಸುವ ಗುಪ್ತಗ್ರಂಥವು ಉಪನಿಷತ್ತುಗಳೇ ಎಂದು ಆತನು ನಂಬಿದನು. ತನ್ನ ಧರ್ಮವನ್ನು ಇನ್ನಷ್ಟು ಆಳವಾಗಿ ತಿಳಿಯಲೆಂದೇ ಅನ್ಯರ ಬಾಗಿಲನ್ನು ತಟ್ಟಿದನು. ಅದೇ ವರ್ಷ ಆತನ ತಮ್ಮ ಔರಂಗಜೇಬನು ದಖ್ಖನಿನಲ್ಲಿ ಬಿಜಾಪುರದ ಸುಲ್ತಾನನ ಮೇಲೆ ದಂಡೆತ್ತಿ, ಬೀದರ್ ಕೋಟೆಯನ್ನೂ ಬಸವಣ್ಣನವರು ನಡೆದಾಡಿದ ಕಲ್ಯಾಣವನ್ನೂ ಗೆದ್ದುಕೊಂಡನು. ಒಬ್ಬ ಸಹೋದರನು ಗ್ರಂಥವನ್ನು ತೆರೆಯುತ್ತಿದ್ದಾಗ ಮತ್ತೊಬ್ಬನು ಕೋಟೆಯನ್ನು ಮುರಿಯುತ್ತಿದ್ದನು.

ದಾರಾನಲ್ಲಿ ದೋಷಗಳಿರಲಿಲ್ಲವೆಂದಲ್ಲ. ತಂದೆಯ ಅತಿಯಾದ ಪ್ರೀತಿಯು ಆತನನ್ನು ಯುದ್ಧರಂಗದಿಂದ ದೂರವಿರಿಸಿತ್ತು. 1653ರ ಕಂದಹಾರದ ಮುತ್ತಿಗೆಯಲ್ಲಿ ಆತನು ವಿಫಲನಾದನು. ಸರದಾರರನ್ನು ಹಗುರವಾಗಿ ಕಾಣುವ ಸ್ವಭಾವವು ಅನೇಕರನ್ನು ವೈರಿಗಳನ್ನಾಗಿಸಿತು. ಸಂತರ ಮುಂದೆ ವಿನೀತನಾಗಿರುತ್ತಿದ್ದವನು ಆಸ್ಥಾನದಲ್ಲಿ ಆ ವಿನಯವನ್ನು ಉಳಿಸಿಕೊಳ್ಳಲಿಲ್ಲ. 1657ರಲ್ಲಿ ಷಹಜಹಾನನು ಕಾಯಿಲೆ ಬಿದ್ದೊಡನೆ ಸಹೋದರರಲ್ಲಿ ಸಿಂಹಾಸನಕ್ಕಾಗಿ ಕಲಹ ಹೊತ್ತಿಕೊಂಡಿತು. 1658ರಲ್ಲಿ ಆಗ್ರಾದ ಬಳಿಯ ಸಾಮುಗಢದಲ್ಲಿಯೂ, 1659ರಲ್ಲಿ ಅಜ್ಮೀರದ ಬಳಿಯ ದೇವರಾಯಿಯಲ್ಲಿಯೂ ದಾರಾ ಸೋತನು. ಆತನನ್ನು ಬೆನ್ನಟ್ಟಿದವರಲ್ಲಿ ರಜಪೂತ ರಾಜ ಜಯಸಿಂಹನೂ ಇದ್ದನು. ಇದು ಕೇವಲ ಎರಡು ಮತಗಳ ಕಾಳಗವಾಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಪಲಾಯನದ ದಾರಿಯಲ್ಲಿ ಪತ್ನಿ ನಾದಿರಾ ಬಾನು ಮರಣ ಹೊಂದಿದಳು. ಆಶ್ರಯವಿತ್ತ ಮಲಿಕ್ ಜೀವನನು ದಾರಾನನ್ನು ಶತ್ರುಗಳಿಗೆ ಹಿಡಿದುಕೊಟ್ಟನು. ಹಿಂದೊಮ್ಮೆ ದಾರಾನೇ ಈತನ ಪ್ರಾಣವನ್ನುಳಿಸಿದ್ದನು. ದೆಹಲಿಯ ಬೀದಿಗಳಲ್ಲಿ ಆನೆಯ ಮೇಲೆ ಮಾಸಿದ ಉಡುಪಿನಲ್ಲಿ ಮೆರೆಸಲ್ಪಟ್ಟ ರಾಜಕುಮಾರನನ್ನು ಕಂಡು ಜನರು ಗೋಳಿಟ್ಟರು. ಬಳಿಕ ಧರ್ಮಭ್ರಷ್ಟನೆಂಬ ಆರೋಪವನ್ನು ಹೊರಿಸಲಾಯಿತು. ನಾಗರಿ ಲಿಪಿಯಲ್ಲಿ ‘ಪ್ರಭು’ ಎಂದು ಕೆತ್ತಿದ ಉಂಗುರವನ್ನು ಧರಿಸುತ್ತಿದ್ದುದೂ ಅಪರಾಧಗಳಲ್ಲಿ ಒಂದಾಯಿತು. 1659ರಲ್ಲಿ ಆತನ ಶಿರಚ್ಛೇದವಾಯಿತು. ಸಿಂಹಾಸನದ ಆಸೆಯು ಕೊಲೆಗೆ ಕಾರಣವಾದರೆ, ಧರ್ಮವು ಅದಕ್ಕೆ ನೆಪವಾಯಿತು. ಹುಮಾಯೂನನ ಸಮಾಧಿಯ ಆವರಣದಲ್ಲಿ ದಾರಾನನ್ನು ಹೂಳಲಾಯಿತು.

ದೇಹವು ಮಣ್ಣಾದರೂ ಕಾರ್ಯವು ಅಳಿಯಲಿಲ್ಲ. ಆತನ ಪಾರಸಿ ಉಪನಿಷತ್ತುಗಳನ್ನು ಫ್ರೆಂಚ್ ವಿದ್ವಾಂಸ ಆಂಕ್ವೆಟಿಲ್ ದುಪೆರಾನ್ 1801-02ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಅದನ್ನೋದಿದ ಜರ್ಮನ್ ತತ್ತ್ವಜ್ಞಾನಿ ಷೋಪೆನ್‌ಹೋವರನು ತನ್ನ ಬಾಳಿಗೂ ಸಾವಿಗೂ ಅದೇ ಸಮಾಧಾನವೆಂದು ಭಾವಿಸಿದನು. ಹೀಗೆ ಭಾರತದ ಋಷಿಗಳ ವಾಣಿಯನ್ನು ಯೂರೋಪಿಗೆ ಮುಟ್ಟಿಸಿದ ಸೇತುವೆಯು ಒಬ್ಬ ಮುಸ್ಲಿಂ ರಾಜಕುಮಾರನ ಶ್ರಮವಾಗಿತ್ತು.

ಪರಮತವನ್ನು ಸಹಿಸುವುದು ದೊಡ್ಡ ಗುಣವೇ ಸರಿ. ಆದರೆ ಸಹನೆಯು ನೆರೆಯವನನ್ನು ಅವನ ಪಾಡಿಗೆ ಬಿಟ್ಟುಬಿಡಬಹುದು; ಅರಿಯುವ ಹಂಬಲವು ಅವನ ಮನೆಯೊಳಗೆ ಹೋಗಿ ವಿನಯದಿಂದ ಕುಳಿತುಕೊಳ್ಳುತ್ತದೆ. ತನ್ನ ಧರ್ಮದಲ್ಲಿ ದೃಢವಾಗಿ ನಿಂತು ಅನ್ಯರ ಧರ್ಮದ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳಲು ಸಾಧ್ಯವೆಂಬುದನ್ನು ದಾರಾನ ಬಾಳು ತೋರಿಸಿಕೊಟ್ಟಿದೆ. ವಿದ್ಯಾರ್ಥಿಗಳು ಆತನ ಸೋಲನ್ನು ಮಾತ್ರವಲ್ಲದೆ ಆತನ ಜಿಜ್ಞಾಸೆಯನ್ನೂ ನೆನೆಯುವುದು ಯೋಗ್ಯ.